ಊರೆಲ್ಲ ಹೊಲಕ್ಕೆ ಹೋದ ದಿನ

ಆ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹಿರೋಳ್ಳಿಯಲ್ಲಿ ಹೊಸಬರು ಬಂದಿಳಿದರೆ ಊರಿಗೆ ಏನೋ ಆಗಿದೆ ಎಂದು ಗಾಬರಿಯಾಗಬಹುದು. ಮನೆಮನೆಗೂ ಚಿಲಕ. ಚಹಾದಂಗಡಿಯ ಒಲೆ ಆರಿದೆ. ಕಟ್ಟೆಯ ಮೇಲೆ ವರ್ಷವಿಡೀ ಕೂತಿರುವ ಹಿರಿಯರೂ ಕಾಣುವುದಿಲ್ಲ. ನಾಯಿಗಳು ಸಹ ಬಂಡಿಯ ಹಿಂದೆ ಹೋಗಿಬಿಟ್ಟಿರುತ್ತವೆ. ವಾಗ್ದರಿಯಿಂದ ಹೊರಟು ಆಳಂದ, ಕಲಬುರಗಿ, ಮಳಖೇಡ, ಸೇಡಂ ಹಾಯ್ದು ರಿಬ್ಬನಪಲ್ಲಿ ಮುಟ್ಟುವ ರಾಜ್ಯ ಹೆದ್ದಾರಿ 10ರಲ್ಲಿ ಬಸ್ಸು ಬಂದರೂ ಒಳಗೆ ಸೀಟಿಗಾಗಿ ಜಗಳವಿಲ್ಲ. ಹೆದ್ದಾರಿ ಬಿಟ್ಟು ಬಂಡಿದಾರಿಗೆ ಇಳಿದು ನಾಲ್ಕು ಹೊಲ ದಾಟಿದ ಮೇಲೆ ಗುಟ್ಟು ತಿಳಿಯುತ್ತದೆ. ಆಳೆತ್ತರದ ಜೋಳದ ಆಚೆಗೆ, ಬನ್ನಿ ಗಿಡದ ಬುಡದಲ್ಲಿ, ಬೇವಿನ ನೆರಳಿನಲ್ಲಿ, ಬದುವಿನ ಉದ್ದಕ್ಕೂ ಊರಿಗೆ ಊರೇ ಪಂಕ್ತಿ ಹಾಕಿ ಕೂತಿರುತ್ತದೆ.

ಅದು ಎಳ್ಳಮಾವಾಸ್ಯೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಬಾಯಲ್ಲಿ ‘ಯಳ್ಳಮಾಸಿ’.

ಚಳಿಗಾಲ ಬಂತೆಂದರೆ ಕಾರವಾರದ ಕಡಲತೀರದಲ್ಲಿ ಕರಾವಳಿ ಉತ್ಸವದ ವೇದಿಕೆ ಏಳುತ್ತದೆ, ಮಂಗಳೂರಿನ ಚರ್ಚುಗಳ ಅಂಗಳದಲ್ಲಿ ಗೋದಲಿ ಸಿದ್ಧವಾಗುತ್ತದೆ. ಕಡಲಿನಿಂದ ಬಲು ದೂರದ ಈ ಎರೆ ಸೀಮೆಯ ಚಳಿಗಾಲದ ಹಬ್ಬಕ್ಕೆ ವೇದಿಕೆ ಇಲ್ಲ, ಉದ್ಘಾಟಕರಿಲ್ಲ, ಸ್ವಾಗತ ಸಮಿತಿಯಂತೂ ಇಲ್ಲವೇ ಇಲ್ಲ. ರಾಜ್ಯದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಮಹಾಲಯ ಅಮಾವಾಸ್ಯೆಗೆ ಜಾಗ ಸಿಕ್ಕಿದೆ, ಎಳ್ಳಮಾವಾಸ್ಯೆಗೆ ಸಿಕ್ಕಿಲ್ಲ. ಆದರೂ ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋದ ಹುಡುಗನಿಗೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತವನಿಗೆ ತಿಂಗಳ ಮೊದಲೇ ಮನೆಯಿಂದ ಫೋನು: “ಯಳ್ಳಮಾಸಿಗಿ ಬರ್ತಿ ಇಲ್ಲೋ ತಮ್ಮಾ?” ದೀಪಾವಳಿಗೆ ಬರಲಿಲ್ಲವೆಂದರೆ ಹೇಗೋ ನಡೆಯುತ್ತದೆ. ಇದಕ್ಕೆ ಬರದಿದ್ದರೆ ಅವ್ವ ಎರಡು ದಿನ ಮುಖ ಕೊಟ್ಟು ಮಾತಾಡುವುದಿಲ್ಲ.

ಇಷ್ಟು ದೊಡ್ಡ ಹಬ್ಬ ಇಸವಿಯ ಕ್ಯಾಲೆಂಡರಿಗೆ ಮಾತ್ರ ಸರಿಯಾಗಿ ಸಿಕ್ಕುವುದೇ ಇಲ್ಲ. ಮಾರ್ಗಶಿರ ಮಾಸದ ಕೊನೆಯ ದಿನ ಬರುವ ಅಮಾವಾಸ್ಯೆ ಇದು. ಚಾಂದ್ರಮಾನದ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಗಿಡ್ಡ. ಹಾಗಾಗಿ ಹಬ್ಬ ಪ್ರತಿವರ್ಷ ಅಷ್ಟಷ್ಟೇ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. 2022ರಲ್ಲಿ ಡಿಸೆಂಬರ್ 23ಕ್ಕೆ ಬಂದಿತ್ತು. ಮರುವರ್ಷ ಅಧಿಕ ಶ್ರಾವಣ ನಡುವೆ ಸೇರಿದ್ದರಿಂದ ಮುಂದಿನ ಎಳ್ಳಮಾವಾಸ್ಯೆ 2024ರ ಜನವರಿ 11ಕ್ಕೆ ಹೋಯಿತು. ಅಂದರೆ 2023ನೇ ಇಸವಿಯಲ್ಲಿ ಎಳ್ಳಮಾವಾಸ್ಯೆಯೇ ಇರಲಿಲ್ಲ! ಅದರ ಬಡ್ಡಿ ಸಮೇತ ಎನ್ನುವಂತೆ 2024ರಲ್ಲಿ ಎರಡು ಸಲ ಬಂತು: ಜನವರಿಯಲ್ಲಿ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು. 2025ರದು ಡಿಸೆಂಬರ್ 19. ಅಧಿಕ ಜ್ಯೇಷ್ಠದ 2026ಕ್ಕೆ ಮತ್ತೆ ಇಲ್ಲ, ಅದರ ಪಾಳಿ 2027ರ ಜನವರಿ 7ಕ್ಕೆ.

ತಾರೀಖು ಹೀಗೆ ಅಲೆದಾಡಿದರೂ ಹೊಲದಲ್ಲಿ ಕಾಣುವ ಚಿತ್ರ ಹೆಚ್ಚೂಕಡಿಮೆ ಒಂದೇ. ಕಾರಣ ಕಾಲಡಿಯ ಮಣ್ಣಿನಲ್ಲಿದೆ. ದಖ್ಖನಿನ ಕಪ್ಪು ಶಿಲೆ ಸವೆದು ಆದ ಎರೆ ಮಣ್ಣು ಮಳೆ ಬಿದ್ದಾಗ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ಇಳಿಸುವಷ್ಟು ಬಿರಿಯುತ್ತದೆ. ಸೆಪ್ಟೆಂಬರ್‌ ಹೊತ್ತಿಗೆ ಹೊಟ್ಟೆ ತುಂಬ ನೀರು ಕುಡಿದ ನೆಲಕ್ಕೆ ಬಿಳಿಜೋಳ ಬಿತ್ತಿದರೆ ಮುಗಿಯಿತು. ಆಮೇಲೆ ಒಂದು ಹನಿ ಬೀಳದಿದ್ದರೂ ಒಳಗಿನ ಹಸಿ ಮತ್ತು ಮೇಲಿನ ಇಬ್ಬನಿಯಲ್ಲೇ ಬೆಳೆ ಮೇಲೇಳುತ್ತದೆ. ಹಿಂಗಾರಿ ಎಂದರೆ ಇದೇ. ಈ ಸೀಮೆಯ ಅಚ್ಚುಮೆಚ್ಚಿನ ತಳಿ ಮಾಲದಂಡಿ, ಅಂದರೆ ಎಂ 35-1, ಹುಟ್ಟಿದ್ದು ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ. ಹಗಲು ಗಿಡ್ಡವಾಗುತ್ತ ಬಂದಂತೆ ತೆನೆ ಹೊರಡಿಸುವುದು ಹಿಂಗಾರಿ ಜೋಳದ ಸ್ವಭಾವ. ಮಾರ್ಗಶಿರ ಮುಗಿಯುವಷ್ಟರಲ್ಲಿ ಬೆಳೆ ಹೊಡೆ ಕಟ್ಟಿರುತ್ತದೆ, ಇಲ್ಲವೇ ತೆನೆಯಲ್ಲಿ ಹಾಲು ತುಂಬುತ್ತಿರುತ್ತದೆ. ಪಕ್ಕದ ಸಾಲಿನಲ್ಲಿ ಕಡಲೆ ಹಸಿಕಾಯಿ ಹೊತ್ತಿದೆ, ತೊಗರಿ ಕಾಯಿ ಬಲಿಯುತ್ತಿದೆ, ಹೊಲದ ಅಂಚಿಗೆ ದನ ನುಗ್ಗದಂತೆ ಹಾಕಿದ ಕುಸುಬೆ ಮುಳ್ಳು ಬಿಟ್ಟು ನಿಂತಿದೆ.

ಹೊಡೆ ಕಟ್ಟಿದ ಬೆಳೆಯನ್ನು ರೈತರು ಬಸುರಿ ಎನ್ನುತ್ತಾರೆ. ಬಸುರಿಗೆ ಬಯಕೆಯ ಊಟ ಬಡಿಸಬೇಕಲ್ಲ. ಎಳ್ಳಮಾವಾಸ್ಯೆಯ ಅಡುಗೆಯೆಲ್ಲ ಅವಳಿಗಾಗಿ. ಮನುಷ್ಯರು ಉಣ್ಣುವುದು ಅವಳು ಉಂಡ ಮೇಲೆ.

ಆ ಅಡುಗೆಯ ಕಥೆ ಹಿಂದಿನ ದಿನದ ಸಂತೆಯಿಂದ ಶುರುವಾಗುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅವತ್ತು ಕಾಲಿಡಲು ಜಾಗವಿರುವುದಿಲ್ಲ. ಮೆಂತ್ಯ, ಪಾಲಕ, ಸಬ್ಬಸಗಿ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲ, ಗಜ್ಜರಿ, ಬದನೆ, ಹಸಿ ಬಟಾಣಿ, ಅವರೆ, ತೊಗರಿಕಾಯಿ, ಕಡಲೆ ಗಿಡದ ಸಿವುಡು, ಹುಣಸೆಕಾಯಿ, ಬಾರಿಹಣ್ಣು, ಎಲ್ಲವೂ ಗುಡ್ಡೆ ಗುಡ್ಡೆ. ಇವೆಲ್ಲ ಒಂದೇ ಪಾತ್ರೆಗೆ ಹೋಗುತ್ತವೆ. ಆ ಪಾತ್ರೆಯ ಹೆಸರು ಬಜ್ಜಿ.

ದಕ್ಷಿಣದ ಓದುಗರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಇದು ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿ ಅಲ್ಲ. ಕಾಳುಗಳನ್ನು ಬೇಯಿಸಿ, ಹೆಚ್ಚಿದ ಸೊಪ್ಪು ತರಕಾರಿ ಕೂಡಿಸಿ, ಮಜ್ಜಿಗೆಯಲ್ಲಿ ಕಲಸಿದ ಕಡಲೆಹಿಟ್ಟು ಹುಯ್ದು, ಹಸಿಮೆಣಸಿನಕಾಯಿ ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟು ಮಂದ ಉರಿಯಲ್ಲಿ ತಿರುವುತ್ತ ಕುದಿಸಿದ ಗಟ್ಟಿ ಪಲ್ಯ. ಹುಳಿ, ಖಾರ, ಅಲ್ಲೊಂದು ಇಲ್ಲೊಂದು ಹಲ್ಲಿಗೆ ಸಿಕ್ಕುವ ಬಾರಿಹಣ್ಣಿನ ಸಿಹಿ. ‘ನಮ್ಮ ಬಜ್ಜಿಗೆ ಎಷ್ಟು ನಮೂನಿ ಬಿದ್ದಾವ ಗೊತ್ತೇನು’ ಎಂದು ಹೆಂಗಸರು ಲೆಕ್ಕ ಹೇಳಿ ಬೀಗುವುದುಂಟು. ಲೆಕ್ಕದಲ್ಲಿ ಅರ್ಥವಿದೆ. ಆ ಹಂಗಾಮಿನಲ್ಲಿ ಹೊಲ, ಬದು, ಹಿತ್ತಲು ಏನೇನು ಕೊಟ್ಟಿವೆಯೋ ಅದರ ಜಮಾಖರ್ಚು ಈ ಪಾತ್ರೆಯೊಳಗಿದೆ. ಬೆಳೆ ಸಮೀಕ್ಷೆಯ ಆ್ಯಪ್ ಬರುವ ಎಷ್ಟೋ ಕಾಲದ ಮೊದಲಿನ ಬೆಳೆ ಸಮೀಕ್ಷೆ ಇದು, ಜೊತೆಗೆ ರುಚಿಯೂ ಇದೆ.

ಬಜ್ಜಿಗೆ ಜೋಡಿ ಸಜ್ಜೆ ರೊಟ್ಟಿ. ತಟ್ಟುವಾಗ ಮೇಲೆ ಬಿಳಿ ಎಳ್ಳು ಉದುರಿಸುತ್ತಾರೆ. ಹಬ್ಬದ ಹೆಸರು ಎಳ್ಳಿನದೇ ಆದ್ದರಿಂದ ಎಳ್ಳಿಲ್ಲದೆ ಯಾವುದೂ ಇಲ್ಲ: ಎಳ್ಳಿನ ಹೋಳಿಗೆ, ಎಳ್ಳು ಬೆರೆತ ಹಿಂಡಿ, ಎಳ್ಳು ಹಚ್ಚಿದ ರೊಟ್ಟಿ. ಸಜ್ಜೆಯೂ ಎಳ್ಳೂ ಮೈಗೆ ಕಾವು ಕೊಡುತ್ತವೆಂಬ ನಂಬಿಕೆ ಹಳೆಯದು. ರಾತ್ರಿ ಮೈ ಕೊರೆಯುವ ಮಾರ್ಗಶಿರದ ಥಂಡಿಯಲ್ಲಿ ಅದನ್ನು ಯಾರೂ ಪರೀಕ್ಷೆಗೆ ಹಚ್ಚುವುದಿಲ್ಲ. ಶೇಂಗಾ ಹೋಳಿಗೆ, ಹೂರಣಗಡಬು, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮೊಸರನ್ನ, ಬೆಣ್ಣೆ. ಕಡಕ್ ರೊಟ್ಟಿಯನ್ನು ವಾರದ ಮೊದಲಿನಿಂದಲೇ ಬಡಿದು ಒಣಗಿಸಿ ಅಡಕಿ ಇಟ್ಟಿರುತ್ತಾರೆ. ಬೀದರ್ ಕಡೆಗೆ ಹೋದರೆ ಜೋಳದ ಹಿಟ್ಟು, ಮಜ್ಜಿಗೆಯ ಅಂಬಲಿಗೆ ಮೊದಲ ಮಣೆ. ಕಲಬುರಗಿಯವರು ಬಜ್ಜಿಯನ್ನೇ ಮೇಲೆ ಕೂರಿಸುತ್ತಾರೆ. ಈ ವಾದ ಇಂದಿಗೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ.

ಬೆಳಗಾಗುತ್ತಲೇ ಬಂಡಿ ಕಟ್ಟುವ ಸಡಗರ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಹಾಕಿ ಸಿಂಗರಿಸುತ್ತಾರೆ. ಈಗ ಬಂಡಿಗಿಂತ ಟ್ರ್ಯಾಕ್ಟರು, ಟಂಟಂ, ಮೋಟರ್ ಸೈಕಲ್ಲುಗಳೇ ಹೆಚ್ಚು. ಟ್ರ್ಯಾಕ್ಟರಿನ ಮುಂದೆಯೂ ಬಾಳೆಕಂದು ಕಟ್ಟಿರುತ್ತಾರೆ. ಹೊಸ ಸೀರೆ ಉಟ್ಟ ಹೆಂಗಸರು ಬುತ್ತಿಯ ಬುಟ್ಟಿಗೆ ಬಿಳಿ ಬಟ್ಟೆ ಮುಚ್ಚಿ ತಲೆಯ ಮೇಲೆ ಹೊತ್ತು ಸಾಲಾಗಿ ನಡೆಯುತ್ತಾರೆ.

ಪೂಜೆಗೆ ಗುಡಿ ಬೇಕಿಲ್ಲ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಹುಡುಕಿ ಇಟ್ಟು ಸುಣ್ಣ ಬಳಿದರೆ ಅವರೇ ಪಾಂಡವರು. ಕಲ್ಲು ಸಿಗದ ಎರೆ ಹೊಲದಲ್ಲಿ ಮಣ್ಣಿನ ಹೆಂಟೆಗಳೇ ಧರ್ಮರಾಯ, ಭೀಮ. ಅರಿಸಿನ ಕುಂಕುಮ, ಹಸಿರು ಬಳೆ, ಉಡಿ ತುಂಬಲು ಒಂದು ಖಣ. ಕೆಲವರು ಗಿಡಕ್ಕೋ ಜೋಳದ ದಂಟಿಗೋ ಸೀರೆ ಉಡಿಸುತ್ತಾರೆ. ಆಮೇಲೆ ಅಸಲು ಕೆಲಸ. ತಂದ ಅಡುಗೆಯಲ್ಲಿ ಎಲ್ಲದರಿಂದ ಒಂದಿಷ್ಟು ತೆಗೆದು ಒಂದೇ ಬುಟ್ಟಿಯಲ್ಲಿ ಕಲಸುತ್ತಾರೆ. ಮನೆಯ ಹಿರಿಯ ಅದನ್ನು ಹಿಡಿಹಿಡಿಯಾಗಿ ಬೆಳೆಯ ಮೇಲೆ ಎರಚುತ್ತ ಹೊಲದ ಸುತ್ತ ನಡೆಯುತ್ತಾನೆ, ಹಿಂದೆ ಇನ್ನೊಬ್ಬ ತಂಬಿಗೆಯಿಂದ ನೀರು ಚಿಮುಕಿಸುತ್ತ ಹೋಗುತ್ತಾನೆ. ಇದೇ ಚರಗ ಚೆಲ್ಲುವುದು. ಒಬ್ಬ ಕೂಗಿದರೆ ಇನ್ನೊಬ್ಬ ಮಾರ್ದನಿ ಕೊಡುತ್ತಾನೆ. ಕೂಗಿನ ಮಾತು ಊರಿಗೊಂದು ಬಗೆ, ಅರ್ಥ ಕೇಳಿದರೆ ಹೆಚ್ಚಿನವರು ನಕ್ಕುಬಿಡುತ್ತಾರೆ. ಅಜ್ಜ ಕೂಗುತ್ತಿದ್ದ, ನಾವು ಕೂಗುತ್ತೇವೆ. ನಾಲ್ಕು ದಿಕ್ಕಿನ ಹೊಲಗಳಿಂದ ಆ ಕೂಗು ಒಂದರ ಮೇಲೊಂದು ಎದ್ದು ಬರುವ ಹೊತ್ತು ನಿಂತು ಕೇಳುವಂಥದ್ದು.

ಚರಗ ಭೂಮಿತಾಯಿಗೆ ಎನ್ನುತ್ತಾರೆ, ನಿಜ. ಉಣ್ಣುವುದು ಇರುವೆ, ಅಳಿಲು, ಗುಬ್ಬಿ, ಗೊರವಂಕ. ಕೀಟ ತಿನ್ನಲು ಹಕ್ಕಿಗಳನ್ನು ಕರೆಯುವ ಉಪಾಯ ಇದು ಎಂದು ವಿವರಿಸುವವರಿದ್ದಾರೆ. ಇರಬಹುದು; ಆದರೆ ಎಲ್ಲ ಆಚರಣೆಗೂ ಒಂದು ವಿಜ್ಞಾನದ ಅಂಗಿ ತೊಡಿಸುವ ಆತುರ ಬೇಕಿಲ್ಲ. ಈ ನೆಲದಲ್ಲಿ ಹಕ್ಕಿಗೆ ಕಾಳು ಬಿಡುವುದಕ್ಕೆ ಬೇರೆಯದೇ ನೆನಪಿದೆ. ಕಲಬುರಗಿಯ ದಾಸೋಹದ ಶರಣಬಸವೇಶ್ವರರು ಹುಟ್ಟಿದ್ದು ಇದೇ ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ. ಹೊಲ ಕಾಯಲು ಹೋದ ಶರಣರು ಹಕ್ಕಿಗಳನ್ನು ಓಡಿಸುವ ಬದಲು ತಿಂದು ಹೋಗಲೆಂದು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರು. ರಾಶಿಯ ದಿನ ಕಾಳು ಕಡಿಮೆಯಾಗಲಿಲ್ಲ ಎಂಬ ಕಥೆಯನ್ನು ಇಲ್ಲಿಯ ಮಕ್ಕಳೂ ಹೇಳುತ್ತಾರೆ.

ಊಟಕ್ಕೆ ಕೂತಾಗ ಹಬ್ಬದ ನಿಜವಾದ ಶಿಸ್ತು ಕಾಣುತ್ತದೆ. ಬದುವಿನ ಮೇಲೆ ಹಾದುಹೋಗುವ ಯಾರನ್ನೂ ಸುಮ್ಮನೆ ಬಿಡುವಂತಿಲ್ಲ. “ಬರ್ರಿ ಅಣ್ಣಾರ, ಒಂದ್ ರೊಟ್ಟಿ ತಿಂದ್ ಹೋಗ್ರಿ” ಎಂಬ ಕರೆಗೆ ಒಲ್ಲೆ ಎಂದರೆ ಅವಮಾನ. ಹೊಲವಿಲ್ಲದ ಮನೆಯವರು, ಪೇಟೆಯ ಗೆಳೆಯರು, ಶಾಲೆಯ ಮಾಸ್ತರರು, ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದ ತೆಲುಗು ಸಾಹೇಬರು, ಪಕ್ಕದ ಹೊಲದ ಮುಸ್ಲಿಂ ಕುಟುಂಬ, ಎಲ್ಲರೂ ಒಂದು ಪಂಕ್ತಿಯಲ್ಲಿ. ಒಬ್ಬೊಬ್ಬರು ಮೂರು ನಾಲ್ಕು ಹೊಲದಲ್ಲಿ ಉಂಡು, ಐದನೆಯದರಲ್ಲಿ ‘ಹೊಟ್ಯಾಗ ಜಾಗ ಇಲ್ಲ ಕಾಕಾ’ ಎಂದು ಕೈ ಮುಗಿಯುತ್ತಾರೆ. ಊಟವಾದ ಮೇಲೆ ಗಿಡಕ್ಕೆ ಹಗ್ಗದ ಜೋಕಾಲಿ, ಹೆಂಗಸರ ಹಾಡು, ಕಡಲೆ ಸುಲಿಯುತ್ತ ಹರಟೆ. ವರನಿಗೆ ಕನ್ಯೆ, ಕನ್ಯೆಗೆ ವರ ನೋಡುವ ಮಾತೂ ಇಲ್ಲೇ ಮೊದಲು ಬರುತ್ತದೆ ಎನ್ನುವುದು ಗುಟ್ಟೇನಲ್ಲ.

ಹಿರೋಳ್ಳಿಯ ವಿಶೇಷ ಎಂದರೆ ಅದು ಗಡಿಯ ಊರು. ಮುಂದಿನ ವಾಗ್ದರಿ ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿಗೆ ಸೇರಿದ್ದು. ಚುನಾವಣೆ ಬಂದರೆ ಇಲ್ಲಿ ಚೆಕ್‌ಪೋಸ್ಟ್; ಕೋವಿಡ್ ಕಾಲದಲ್ಲಿ ಆಚೆಯಿಂದ ಬರುವವರ ಆರ್‌ಟಿ-ಪಿಸಿಆರ್ ವರದಿ ನೋಡಲೂ ಇಲ್ಲಿ ಟೇಬಲ್ಲು ಹಾಕಿದ್ದರು. ಆದರೆ ಎರೆ ಮಣ್ಣು ಆ ಗೆರೆಯನ್ನು ಒಪ್ಪಿಕೊಂಡಿಲ್ಲ, ಜೋಳವೂ ಒಪ್ಪಿಕೊಂಡಿಲ್ಲ. ಅದೇ ಅಮಾವಾಸ್ಯೆಯ ದಿನ ಆಚೆಯ ಲಾತೂರ, ಧಾರಾಶಿವ, ಸೊಲ್ಲಾಪುರ ಜಿಲ್ಲೆಗಳ ಹಳ್ಳಿಗಳೂ ಹೊಲಕ್ಕೆ ಹೋಗಿರುತ್ತವೆ. ಅಲ್ಲಿ ಜೋಳದ ಕಣಿಕೆಯಿಂದ ಗುಡಿಸಲಿನಂಥ ಖೋಪಿ ಕಟ್ಟಿ ಒಳಗೆ ಪಾಂಡವರನ್ನು ಕೂರಿಸುತ್ತಾರೆ. ಮಣ್ಣಿನ ಗಡಿಗೆಯಲ್ಲಿ ಅಂಬೀಲು, ಪಾತ್ರೆಯಲ್ಲಿ ಭಜ್ಜಿ. ಲಾತೂರ ಪಟ್ಟಣ ಅವತ್ತು ಕರ್ಫ್ಯೂ ಹಾಕಿದಂತೆ ಖಾಲಿ. ಅಲ್ಲಿಯ ಜಿಲ್ಲಾಡಳಿತ ಸ್ಥಳೀಯ ರಜೆಯನ್ನೂ ಕೊಡುತ್ತದೆ. ಈ ಒಂದು ವಿಷಯದಲ್ಲಿ ಕಲಬುರಗಿಯವರಿಗೆ ಲಾತೂರಿನವರ ಮೇಲೆ ಸಣ್ಣ ಹೊಟ್ಟೆಕಿಚ್ಚು.

ಅವರು ಆ ಹಬ್ಬವನ್ನು ‘ವೇಳ ಅಮಾವಾಸ್ಯಾ’ ಎನ್ನುತ್ತಾರೆ, ಹಳ್ಳಿಯ ಬಾಯಲ್ಲಿ ‘ಯೇಳವಸ’. ಮರಾಠಿಯಲ್ಲಿ ಎಳ್ಳಿಗೆ ತೀಳ ಎಂಬ ಪದವಿದ್ದೂ ಹಬ್ಬದ ಹೆಸರಿನಲ್ಲಿ ಕನ್ನಡದ ಎಳ್ಳು ಉಳಿದಿದೆ. ಅದು ಕನ್ನಡದ ಏಳು, ಏಳನೆಯ ಅಮಾವಾಸ್ಯೆ ಎಂದು ಬಿಡಿಸುವವರೂ ಉಂಟು. ಎಳ್ಳು ಹಚ್ಚಿದ ರೊಟ್ಟಿ ಎದುರಿಗೇ ಇರುವಾಗ ಅಷ್ಟು ದೂರ ಎಣಿಸುತ್ತ ಹೋಗಬೇಕೇ? ಎಳ್ಳೋ ಏಳೋ, ಮಾತು ಮಾತ್ರ ಕನ್ನಡದ್ದು. ಇದರಲ್ಲಿ ಅಚ್ಚರಿಪಡುವಂಥದ್ದೂ ಇಲ್ಲ. ರಾಷ್ಟ್ರಕೂಟರು ತಮ್ಮನ್ನು ಕರೆದುಕೊಂಡ ಬಿರುದು ‘ಲಟ್ಟಲೂರ ಪುರವರಾಧೀಶ್ವರ’; ಆ ಲಟ್ಟಲೂರೇ ಇಂದಿನ ಲಾತೂರ. ಅವರ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ, ಹಿರೋಳ್ಳಿಯ ಮುಂದೆ ಹಾದುಹೋಗುವ ಅದೇ ಹೆದ್ದಾರಿಯ ಮೇಲೆ ಇದೆ. ಅದೇ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡದ ನಾಡನ್ನು ಗೋದಾವರಿಯವರೆಗೆ ಎಳೆದಿತ್ತು. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಬೀದರ್ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹ್ಮದಪುರ ಆಚೆಗೆ ಹೋದವು. ಆಳಂದ ಈಚೆಗೆ ಉಳಿಯಿತು. ಹಬ್ಬವನ್ನು ಹಂಚುವ ಗೊಡವೆಗೆ ಯಾರೂ ಹೋಗಲಿಲ್ಲ.

ಕರ್ನಾಟಕದೊಳಗೇ ನೋಡಿದರೆ ನಕ್ಷೆ ಇನ್ನೂ ಸ್ಪಷ್ಟ. ಧಾರವಾಡ, ಹಾವೇರಿ ಕಡೆಯ ರೈತರು ಚರಗ ಚೆಲ್ಲುವುದು ಆಶ್ವೀಜದ ಶೀಗಿ ಹುಣ್ಣಿಮೆಗೆ. ಮಲೆನಾಡು ಅದೇ ಹುಣ್ಣಿಮೆಯನ್ನು ಭೂಮಿ ಹುಣ್ಣಿಮೆ ಎಂದು ಗದ್ದೆಯಲ್ಲಿ ಆಚರಿಸುತ್ತದೆ. ಅಲ್ಲಿ ಬಸುರಿಯಾದದ್ದು ಮುಂಗಾರಿನ ಬೆಳೆ. ಹಿಂಗಾರಿಯನ್ನೇ ನಂಬಿದ ವಿಜಯಪುರ, ಕಲಬುರಗಿ, ಬೀದರಿಗೆ ಮಾರ್ಗಶಿರದ ಅಮಾವಾಸ್ಯೆಯೇ ಸರಿಯಾದ ತಿಂಗಳು. ಅದೇ ಹೊತ್ತಿಗೆ ತೀರ್ಥಹಳ್ಳಿಯಲ್ಲಿ ತುಂಗೆಯ ತೀರದ ರಾಮೇಶ್ವರನಿಗೆ ಎಳ್ಳಮಾವಾಸ್ಯೆ ಜಾತ್ರೆ, ತೆಪ್ಪೋತ್ಸವ. ಕರಾವಳಿಯ ಕೆಲವು ಊರುಗಳಲ್ಲಿ ಸಮುದ್ರಸ್ನಾನ. ನೀರಿರುವವರು ನೀರಿಗೆ ಇಳಿದರು, ಎರೆ ಇರುವವರು ಎರೆಗೆ.

ಎಲ್ಲ ವರ್ಷವೂ ಬುತ್ತಿ ಒಂದೇ ಮನಸ್ಸಿನಿಂದ ಕಟ್ಟುವುದಾಗುವುದಿಲ್ಲ. 2019ರ ಡಿಸೆಂಬರ್ 26ರ ಅಮಾವಾಸ್ಯೆ ಬೆಳಗ್ಗೆಯೇ ಸೂರ್ಯಗ್ರಹಣ ಹೊತ್ತು ಬಂದು, ಯಾವಾಗ ಅಡುಗೆ, ಯಾವಾಗ ಚರಗ ಎಂಬ ಗೊಂದಲ ಎಬ್ಬಿಸಿತು. ಗ್ರಹಣ ಬಿಟ್ಟು ಹೋಗುವಂಥದ್ದು, ಹೊಲದ ರೋಗ ಹಾಗಲ್ಲ. 2022ರಲ್ಲಿ ತೊಗರಿಗೆ ನೆಟೆ ರೋಗ ಬಡಿದು, ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ‘ತೊಗರಿಯ ಕಣಜ’ ಎನಿಸಿಕೊಂಡ ಜಿಲ್ಲೆ ಇದು. ಗುಲಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿ ಆಗಿನ್ನೂ ಮೂರು ವರ್ಷ. ಆ ಅಮಾವಾಸ್ಯೆಯಂದು ಅನೇಕರು ಚರಗ ಚೆಲ್ಲಿದ್ದು ಒಣ ಕಟ್ಟಿಗೆಯ ಸಾಲಿಗೆ. ಮರುವರ್ಷ ಬರ: ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2025ರ ಸೆಪ್ಟೆಂಬರ್ ಕೊನೆಗೆ ಅದರ ತದ್ವಿರುದ್ಧ. ಮಹಾರಾಷ್ಟ್ರದ ಮಳೆಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಹೊಲಗಳ ಮೇಲೆ ನಿಂತಳು. ಹೊಲ ತಡವಾಗಿ ಹದಕ್ಕೆ ಬಂದಲ್ಲಿ ಜೋಳವೂ ತಡ. ಹಬ್ಬ ಬಂದಾಗ ಪೈರು ಇನ್ನೂ ಮೊಣಕಾಲೆತ್ತರ. ಹಾಗೆಂದು ಚರಗ ತಪ್ಪಿಸಿದವರು ವಿರಳ. ಬಸುರಿ ಸೊರಗಿದ್ದರೆ ಊಟ ಬಿಡಿಸುತ್ತಾರೇನು?

ನಿಧಾನವಾಗಿ ಆಗುತ್ತಿರುವ ಬದಲಾವಣೆ ಕಣ್ಣಿಗೆ ಅಷ್ಟು ಬೀಳುವುದಿಲ್ಲ. ಬಿಳಿಜೋಳದ ಹೊಲ ಕಿರಿದಾಗುತ್ತ ಬಂದಿದೆ. ಮಾಗಿದ ಜೋಳವನ್ನು ಬೇರುಸಹಿತ ಕೈಯಿಂದ ಕೀಳಬೇಕು. ಆ ಸೊಂಟ ಮುರಿಯುವ ಕೆಲಸಕ್ಕೆ ಆಳು ಸಿಗುವುದಿಲ್ಲ. ತೊಗರಿಯೊಂದನ್ನೇ ಬೆಳೆದರೆ ಬೆಂಬಲ ಬೆಲೆಯ ಆಸೆಯಾದರೂ ಇದೆ. ನೀರು ಸಿಕ್ಕಲ್ಲಿ ಕಬ್ಬು. ಆಳಂದದ ಭೂಸನೂರು, ಅಫಜಲಪುರದ ಹವಳಗಾ ಎರಡೂ ಕಡೆ ಸಕ್ಕರೆ ಕಾರ್ಖಾನೆಗಳಿವೆ, ಎಳ್ಳಮಾವಾಸ್ಯೆಯ ದಿನ ಅವು ಕಬ್ಬು ನುರಿಸುವ ಭರದಲ್ಲಿರುತ್ತವೆ. ಕಬ್ಬಿನ ಗದ್ದೆಯಲ್ಲಿ ಚರಗ ಚೆಲ್ಲಬಹುದು, ಅದರಿಂದ ಬಜ್ಜಿ ಮಾಡಲಾಗದು. ಹತ್ತು ಹದಿನೈದು ನಮೂನೆಯ ಕಾಳು ಸೊಪ್ಪು ಬರುತ್ತಿದ್ದದ್ದು ಅಕ್ಕಡಿ ಸಾಲುಗಳಿಂದ, ಬದುವಿನಿಂದ. ಅವು ಹೋದ ಊರುಗಳಲ್ಲಿ ರೈತನೂ ಬಜ್ಜಿಯ ಸಾಮಾನನ್ನು ಪೇಟೆಯಿಂದ ಕೊಂಡು ಹೊಲಕ್ಕೆ ಒಯ್ಯುತ್ತಾನೆ.

ಇನ್ನೊಂದು ಕಡೆಯಿಂದ ರೊಟ್ಟಿಗೆ ಬೇಡಿಕೆ ಏರುತ್ತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳ, ಸಜ್ಜೆ ಮಹಾನಗರದ ಅಂಗಡಿಗಳಲ್ಲಿ ಮೇಲಿನ ಗೂಡಿಗೆ ಏರಿವೆ. ಜಿಲ್ಲಾಡಳಿತ ಮಹಿಳಾ ಸಂಘಗಳನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡನ್ನೇ ಕಟ್ಟಿದೆ. ಹೋಟೆಲುಗಳಲ್ಲಿ, ಖಾನಾವಳಿಗಳಲ್ಲಿ ಎಳ್ಳಮಾವಾಸ್ಯೆಯ ಊಟವೂ ಸಿಗತೊಡಗಿದೆ: ಬಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಫ್ಯಾನಿನ ಗಾಳಿ. ತಿಂದವರು ರುಚಿಯ ಬಗ್ಗೆ ತಕರಾರು ಹೇಳುವುದಿಲ್ಲ. ಹೊಲದಲ್ಲಿ ಉಂಡಂತೆ ಆಗಲಿಲ್ಲ ಎಂದಷ್ಟೇ ಅನ್ನುತ್ತಾರೆ.

ಹೊತ್ತು ಇಳಿಯುವಾಗ ಬಂಡಿಗಳು ಊರಿನ ಕಡೆ ತಿರುಗುತ್ತವೆ. ಮಕ್ಕಳ ಕೈಯಲ್ಲಿ ಕಡಲೆ ಗಿಡದ ಕಂತೆ, ಹೆಂಗಸರ ಬುಟ್ಟಿ ಖಾಲಿ. ಆದರೆ ಮನೆಯಲ್ಲಿ ಒಂದು ಪಾತ್ರೆ ಬಜ್ಜಿಯನ್ನು ಮೊದಲೇ ತೆಗೆದಿಟ್ಟಿರುತ್ತಾರೆ. ಮರುದಿನಕ್ಕೆ ಅದು ಇನ್ನೂ ರುಚಿ ಎನ್ನುವುದರಲ್ಲಿ ಬೀದರಿನವರಿಗೂ ಕಲಬುರಗಿಯವರಿಗೂ ಭಿನ್ನಾಭಿಪ್ರಾಯವಿಲ್ಲ. ಆ ರಾತ್ರಿ ಕಲಬುರಗಿ ನಿಲ್ದಾಣದಿಂದ ಬೆಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಸ್ಟೀಲಿನ ಡಬ್ಬಿಗಳು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಅಡಕಲುಗಳು ಏರುತ್ತವೆ. ‘ಡಬ್ಬಿ ಅಡ್ಡ ಮಾಡಬ್ಯಾಡ, ಬಜ್ಜಿ ಸೋರ್ತದ’ ಎಂದು ಅವ್ವ ಕಿಟಕಿಯ ಹೊರಗಿನಿಂದ ಮೂರನೆಯ ಸಲ ಹೇಳುತ್ತಿರುವಾಗ ಬಸ್ಸು ಹೊರಡುತ್ತದೆ.